ಓಡಬೇಡಿ, ಒಳಗೇ ಇರಿ: ಆಪತ್ತಿನಲ್ಲಿ ಕಚೇರಿಯೇ ಆಸರೆಯಾಗುವ ಬಗೆ

2016ರ ಸೆಪ್ಟೆಂಬರ್ 12, ಸೋಮವಾರ. ಕಾವೇರಿ ನೀರಿನ ವಿಚಾರದಲ್ಲಿ ಸುಪ್ರೀಂ ಕೋರ್ಟಿನ ಆದೇಶ ಹೊರಬಿದ್ದು ಮಧ್ಯಾಹ್ನದ ಹೊತ್ತಿಗೆ ಬೆಂಗಳೂರಿನ ಬೀದಿಗಳಲ್ಲಿ ಬಸ್ಸು, ಲಾರಿಗಳು ಉರಿಯುತ್ತಿದ್ದವು. ಹಲವು ಕಚೇರಿಗಳು ಆಗ ಮಾಡಿದ್ದು ಒಂದೇ ಕೆಲಸ: ಬೇಗ ಮನೆಗೆ ಹೊರಡಿ ಎಂದು ಎಲ್ಲರನ್ನೂ ಒಮ್ಮೆಗೇ ಬಿಟ್ಟುಬಿಟ್ಟವು. ಶಾಲೆಗಳೂ ಅದೇ ಹೊತ್ತಿಗೆ ಬಿಟ್ಟವು. ಕಲ್ಲು ತೂರುತ್ತಿದ್ದ, ಟೈರು ಉರಿಯುತ್ತಿದ್ದ ರಸ್ತೆಗಳಿಗೇ ಜನ ಬಂದು ಸೇರಿದರು. ಬಸ್ಸಿಲ್ಲ, ಮೆಟ್ರೊ ಇಲ್ಲ, ಆಟೊದವರು ಬರುವುದಿಲ್ಲ. ಸಂಜೆಯ ಹೊತ್ತಿಗೆ ನಗರದ ಹಲವು ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ ಬಂತು. ನಾಲ್ಕು ಗೋಡೆಯೊಳಗೆ, ಫ್ಯಾನಿನ ಕೆಳಗೆ ಕುಳಿತಿದ್ದವರನ್ನು ಅಪಾಯದ ನಡುವೆ ತಂದು ನಿಲ್ಲಿಸಿದ್ದು ಗಲಭೆಕೋರರಲ್ಲ, ಕಾಳಜಿಯಿಂದಲೇ ಹೊರಟ ಒಂದು ಇ-ಮೇಲ್.

ಮನೆಗೆ ಕಳಿಸಿಬಿಟ್ಟರೆ ಜವಾಬ್ದಾರಿ ಮುಗಿಯಿತು ಎಂಬ ಭಾವನೆ ನಮ್ಮ ಕಚೇರಿ, ಕಾರ್ಖಾನೆಗಳಲ್ಲಿ ಬೇರೂರಿದೆ. ವರ್ಷಕ್ಕೊಮ್ಮೆ ಬೆಂಕಿಯ ಮಾಕ್ ಡ್ರಿಲ್ ಆಗುತ್ತದೆ. ಗಂಟೆ ಹೊಡೆಯುತ್ತದೆ, ಎಲ್ಲರೂ ಮೆಟ್ಟಿಲಿಳಿದು ಅಂಗಳದ ಹಸಿರು ಫಲಕದ ಬಳಿ ಗುಂಪಾಗಿ ನಿಲ್ಲುತ್ತಾರೆ, ಫೋಟೊ ತೆಗೆಯುತ್ತಾರೆ, ಟೀ ಕುಡಿದು ಮೇಲೆ ಹೋಗುತ್ತಾರೆ. ಆಪತ್ತು ಎಂದರೆ ಹೊರಗೆ ಓಡುವುದು ಎಂಬ ಒಂದೇ ಪಾಠ ಮೈಗೆ ಹತ್ತಿದೆ. ಅದರ ತದ್ವಿರುದ್ಧ ಪಾಠ, ಅಂದರೆ ಅಪಾಯ ಹೊರಗಿದ್ದಾಗ ಒಳಗೇ ಉಳಿದು ಬಾಗಿಲು ಹಾಕಿಕೊಳ್ಳುವುದನ್ನು ಅಭ್ಯಾಸ ಮಾಡಿದ ಸಂಸ್ಥೆಗಳು ಬಹಳ ಕಡಿಮೆ. ಈ ಲೇಖನ ಆ ಎರಡನೆಯ ಪಾಠದ ಬಗ್ಗೆ.

ಯಾವಾಗ ಒಳಗೆ, ಯಾವಾಗ ಹೊರಗೆ

ಅಪಾಯ ಕಟ್ಟಡದೊಳಗೆ ಹುಟ್ಟಿದ್ದರೆ ಹೊರಗೆ ಹೋಗಬೇಕು. ಬೆಂಕಿ, ಕ್ಯಾಂಟೀನಿನ ಗ್ಯಾಸ್ ಸೋರಿಕೆ, ಗೋಡೆ-ಕಂಬ ಬಿರುಕು ಬಿಟ್ಟಿರುವುದು, ಒಳಗೇ ಯಾವುದೋ ರಾಸಾಯನಿಕ ಚೆಲ್ಲಿರುವುದು, ಇವೆಲ್ಲ ಆ ಪಟ್ಟಿಗೆ ಸೇರುತ್ತವೆ. ಅಪಾಯ ಹೊರಗಿದ್ದು ಕಟ್ಟಡ ಗಟ್ಟಿಯಾಗಿದ್ದರೆ ಒಳಗೇ ಇರಬೇಕು. ಪಕ್ಕದ ಕಾರ್ಖಾನೆಯಿಂದ ವಿಷಾನಿಲ, ಹೆದ್ದಾರಿಯಲ್ಲಿ ಉರುಳಿದ ಟ್ಯಾಂಕರು, ಗಲಭೆ, ಚಂಡಮಾರುತ, ಗುಡುಗು-ಸಿಡಿಲು, ರಸ್ತೆ ಮುಳುಗಿಸಿದ ಮಳೆ ಇಂಥವು. ಕಾಡುಪ್ರಾಣಿಯನ್ನೂ ಸೇರಿಸಿಕೊಳ್ಳಬಹುದು. 2024ರ ಡಿಸೆಂಬರ್ 31ರಂದು ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಇನ್ಫೊಸಿಸ್ ಆವರಣದಲ್ಲಿ ಚಿರತೆ ಕಾಣಿಸಿಕೊಂಡಾಗ, ನೌಕರರಿಗೆ ಮನೆಯಿಂದಲೇ ಕೆಲಸ ಮಾಡಲು ಹೇಳಿ, ಆವರಣದ ಹಾಸ್ಟೆಲಿನಲ್ಲಿದ್ದ ತರಬೇತಿ ಅಭ್ಯರ್ಥಿಗಳಿಗೆ ಹೊರಗೆ ಬರಬೇಡಿ ಎಂದರು. ಸರಿಯಾದ ನಿರ್ಧಾರ. ಚಿರತೆ ಬಂದಾಗ ಹೊಳೆಯುವ ಈ ವಿವೇಕ ಅನಿಲ ಬಂದಾಗ ಹೊಳೆಯುವುದಿಲ್ಲ, ಏಕೆಂದರೆ ಅನಿಲ ಕಣ್ಣಿಗೆ ಕಾಣುವುದಿಲ್ಲ.

ಒಂದು ಅಪವಾದವನ್ನು ಇಲ್ಲೇ ಹೇಳಿಬಿಡಬೇಕು. ಹೊರಗೆ ಸೋರುತ್ತಿರುವುದು ಅಡುಗೆ ಅನಿಲವಾದರೆ ಬಾಗಿಲು ಹಾಕಿ ಕುಳಿತುಬಿಡುವುದು ಜಾಣತನವಲ್ಲ. 2013ರ ಏಪ್ರಿಲ್ 9ರಂದು ಉಪ್ಪಿನಂಗಡಿ ಸಮೀಪದ ಪೆರ್ನೆಯಲ್ಲಿ ಉರುಳಿದ ಟ್ಯಾಂಕರಿನ ಅನಿಲ ಹೊತ್ತಿಕೊಂಡು ಹಲವರು ಜೀವ ಕಳೆದುಕೊಂಡದ್ದನ್ನು ದಕ್ಷಿಣ ಕನ್ನಡ ಮರೆತಿಲ್ಲ. ಎಲ್‌ಪಿಜಿ ಗಾಳಿಗಿಂತ ಭಾರ. ನೆಲಕ್ಕಂಟಿ ಹರಿದು ತಗ್ಗಿನಲ್ಲಿ ಶೇಖರವಾಗುತ್ತದೆ. ಎಲ್ಲೋ ಒಂದು ಒಲೆ, ಒಂದು ಬೈಕಿನ ಕಿಕ್, ಒಂದು ಸ್ವಿಚ್ಚು ಸಾಕು. ಅಂಥ ಹೊತ್ತಿನಲ್ಲಿ ಉರಿಯುವುದೆಲ್ಲವನ್ನೂ ಆರಿಸಿ, ವಾಹನ ಮುಟ್ಟದೆ, ಗಾಳಿ ಬೀಸಿ ಬರುವ ದಿಕ್ಕಿನ ಕಡೆಗೆ ನಡೆದೇ ದೂರ ಹೋಗುವುದು ಲೇಸು. ಪೊಲೀಸರು, ಅಗ್ನಿಶಾಮಕ ದಳದವರು ಬೇರೆ ಹೇಳಿದರೆ ಅವರ ಮಾತೇ ಅಂತಿಮ. ಎಲ್‌ಪಿಜಿ ಸೋರಿಕೆಗೆಂದೇ 1906 ಸಹಾಯವಾಣಿ ಇದೆ.

ಹಾಗಾಗಿ ಏನು ಸೋರುತ್ತಿದೆ ಎಂಬುದು ಮೊದಲ ಪ್ರಶ್ನೆ. ಟ್ಯಾಂಕರಿನ ಹಿಂದೆ, ಪಕ್ಕಗಳಲ್ಲಿ ಬರೆದಿರುವ ನಾಲ್ಕಂಕಿಯ ಸಂಖ್ಯೆ ಇದಕ್ಕೆ ಉತ್ತರ ಕೊಡುತ್ತದೆ. 1017 ಎಂದರೆ ಕ್ಲೋರಿನ್, 1005 ಅಮೋನಿಯ, 1075 ಎಲ್‌ಪಿಜಿ, 1203 ಪೆಟ್ರೋಲ್. ಜಗತ್ತಿನಾದ್ಯಂತ ಇದೇ ಸಂಖ್ಯೆಗಳು. ಹೆದ್ದಾರಿ ಪಕ್ಕದ ಕಾರ್ಖಾನೆಯ ಗೇಟಿನಲ್ಲಿ ನಿಲ್ಲುವ ಸೆಕ್ಯುರಿಟಿಯವರಿಗೆ ಈ ನಾಲ್ಕನ್ನು ಒಂದು ರಟ್ಟಿನ ಮೇಲೆ ಬರೆದು ಕೊಡಿ. ದೂರದಿಂದಲೇ, ಕಂಡರೆ ಮಾತ್ರ, ಓದಿ 112ಕ್ಕೆ ಹೇಳಿದರೆ ಬರುವವರು ಸಿದ್ಧರಾಗಿ ಬರುತ್ತಾರೆ. ಸಂಖ್ಯೆ ಓದಲೆಂದು ಹತ್ತಿರ ಹೋಗಬಾರದು, ಮೊಬೈಲಿನಲ್ಲಿ ವಿಡಿಯೊ ಮಾಡಲಂತೂ ಬೇಡವೇ ಬೇಡ.

ಭೋಪಾಲ, ವಿಶಾಖಪಟ್ಟಣ: ಎರಡೂ ನಡುರಾತ್ರಿ

1984ರ ಡಿಸೆಂಬರ್ 2ರ ರಾತ್ರಿ ಕಳೆದು 3 ಹುಟ್ಟುವ ಹೊತ್ತು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಊರಿಗೆ ಹರಿಯಿತು. ಕೆಮ್ಮುತ್ತ ಎದ್ದ ಜನ ಬೀದಿಗೆ ಬಂದು ಓಡಿದರು. ಓಡಿದಷ್ಟೂ ಉಸಿರು ಹೆಚ್ಚು, ಉಸಿರು ಹೆಚ್ಚಿದಷ್ಟೂ ವಿಷ ಒಳಗೆ. ಎಷ್ಟೋ ಜನ ಗಾಳಿ ಬೀಸುತ್ತಿದ್ದ ದಿಕ್ಕಿಗೇ, ಅಂದರೆ ಅನಿಲದ ಜೊತೆಜೊತೆಗೇ ಓಡಿದರು. ಯಾವ ಕಡೆ ಹೋಗಬೇಕು, ಹೋಗಬೇಕೋ ಬೇಡವೋ, ಒದ್ದೆ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳಬೇಕೋ ಎಂದು ಹೇಳುವವರು ಇರಲಿಲ್ಲ. ಜೋಪಡಿಯೊಳಗೆ ಉಳಿದಿದ್ದರೆ ಎಲ್ಲರೂ ಬದುಕುತ್ತಿದ್ದರು ಎನ್ನುವಂತಿಲ್ಲ. ಸಂದಿಗೊಂದಿಯಿಂದ ಗಾಳಿ ನುಗ್ಗುವ ಗೂಡುಗಳವು. ಸಾವಿರಾರು ಜನ ಸತ್ತರು.

2020ರ ಮೇ 7ರ ನಸುಕಿನ ಮೂರು ಗಂಟೆಯ ಸುಮಾರಿಗೆ ವಿಶಾಖಪಟ್ಟಣದ ಆರ್.ಆರ್. ವೆಂಕಟಾಪುರಂನಲ್ಲಿ ಮತ್ತೆ ಅದೇ. ಕೊರೊನಾ ಲಾಕ್‌ಡೌನಿನಿಂದ ಕೆಲಸ ನಿಂತಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ತೊಟ್ಟಿಯಿಂದ ಸ್ಟೈರೀನ್ ಆವಿ ಹೊರಬಂತು. ಗಾಳಿಗಿಂತ ಮೂರೂವರೆ ಪಟ್ಟು ಭಾರವಾದ ಆವಿ ಅದು. 12 ಜನ ಸತ್ತರು. ನಿದ್ದೆಗಣ್ಣಲ್ಲಿ ಮನೆಬಿಟ್ಟವರು ದಾರಿಯಲ್ಲೇ ಕುಸಿದು ಬಿದ್ದ ದೃಶ್ಯಗಳನ್ನು ನಾವೆಲ್ಲ ಟಿ.ವಿ.ಯಲ್ಲಿ ನೋಡಿದೆವು. ಕಾರ್ಖಾನೆಯಲ್ಲಿ ಸೈರನ್ ವ್ಯವಸ್ಥೆ ಇತ್ತು; ಆದರೆ ಅದನ್ನು ಯಾರೂ ಒತ್ತಲಿಲ್ಲ ಎಂಬುದನ್ನು ಆಂಧ್ರ ಸರ್ಕಾರ ನೇಮಿಸಿದ ಉನ್ನತಾಧಿಕಾರ ಸಮಿತಿ ಎತ್ತಿ ಹೇಳಿತು.

ಎರಡೂ ದುರಂತ ನಡೆದಾಗ ವ್ಯವಸ್ಥಾಪಕರು, ಸುರಕ್ಷತಾ ಅಧಿಕಾರಿಗಳು ಸೀಟಿನಲ್ಲಿ ಕುಳಿತಿರುವ ಹೊತ್ತಾಗಿರಲಿಲ್ಲ. ನನ್ನ ಮಟ್ಟಿಗೆ ತುರ್ತು ಯೋಜನೆಯ ನಿಜವಾದ ಪರೀಕ್ಷೆ ಇಲ್ಲಿದೆ: ರಾತ್ರಿ ಮೂರು ಗಂಟೆಗೆ ಗೇಟಿನಲ್ಲಿರುವ ವ್ಯಕ್ತಿ, ಯಾರಿಗೂ ಫೋನ್ ಮಾಡಿ ಅಪ್ಪಣೆ ಕೇಳದೆ, ಸೈರನ್ ಒತ್ತಬಹುದೇ? ಒತ್ತಿದ್ದು ತಪ್ಪಾದರೆ ಅವರ ಕೆಲಸ ಉಳಿಯುತ್ತದೆಯೇ? ಈ ಎರಡಕ್ಕೂ ಹೌದು ಎನ್ನಲಾಗದಿದ್ದರೆ ಬೈಂಡ್ ಹಾಕಿಸಿದ ನೂರು ಪುಟದ ಯೋಜನೆ ಬೀರುವಿನಲ್ಲೇ ಇರಲಿ.

ನಮ್ಮಲ್ಲಿ ಇಂಥ ಕಡೆ ಕೆಲಸ ಮಾಡುವವರು ಕಡಿಮೆಯಿಲ್ಲ. ಬೈಕಂಪಾಡಿ, ಪೀಣ್ಯ, ಜಿಗಣಿ, ನಂಜನಗೂಡು, ಬೀದರಿನ ಕೊಳ್ಹಾರ, ಯಾದಗಿರಿಯ ಕಡೇಚೂರು, ಹೀಗೆ ಕೈಗಾರಿಕಾ ಪ್ರದೇಶಗಳಲ್ಲಿ ಬಟ್ಟೆ ಹೊಲಿಯುವ ಘಟಕದ ಗೋಡೆಗಂಟಿಕೊಂಡೇ ರಾಸಾಯನಿಕದ ಗೋದಾಮು ಇರಬಹುದು. ಕರಾವಳಿಯ ಮೀನು ಸಂಸ್ಕರಣಾ ಘಟಕಗಳಲ್ಲಿ, ಐಸ್ ಪ್ಲಾಂಟುಗಳಲ್ಲಿ, ಕೋಲ್ಡ್ ಸ್ಟೋರೇಜುಗಳಲ್ಲಿ ಅಮೋನಿಯ ಇರುತ್ತದೆ. ನೀರು ಶುದ್ಧೀಕರಣ ಘಟಕಗಳಲ್ಲಿ ಕ್ಲೋರಿನ್ ಸಿಲಿಂಡರುಗಳಿರುತ್ತವೆ. ನಿಮ್ಮದು ಸಾಫ್ಟ್‌ವೇರ್ ಕಚೇರಿಯೇ ಇರಲಿ, ಶಾಲೆಯೇ ಇರಲಿ, ಪಕ್ಕದಲ್ಲಿ ಏನಿದೆ ಎಂದು ಕೇಳಿ ತಿಳಿಯುವುದು ಯೋಜನೆಯ ಮೊದಲ ಸಾಲು.

ಕೇಳುವ ಹಕ್ಕೂ ಇದೆ. ಭೋಪಾಲದ ಬಳಿಕ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ತಿದ್ದುಪಡಿ ತಂದು, ಅಪಾಯಕಾರಿ ಕಾರ್ಖಾನೆಗಳು ತಮ್ಮಲ್ಲಿರುವ ಅಪಾಯದ ಬಗ್ಗೆ ಕಾರ್ಮಿಕರಿಗೆ ಮಾತ್ರವಲ್ಲ, ಸುತ್ತಲಿನ ಜನರಿಗೂ ತಿಳಿಸಬೇಕು ಎಂದು ಬರೆದರು. 1989ರ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ದೊಡ್ಡ ಅಪಾಯದ ಘಟಕಗಳಿಗೆ ತಮ್ಮ ಆವರಣದ ತುರ್ತು ಯೋಜನೆಯನ್ನೂ ಆರು ತಿಂಗಳಿಗೊಮ್ಮೆ ಅದರ ಅಣಕು ಕಾರ್ಯಾಚರಣೆಯನ್ನೂ ಕಡ್ಡಾಯ ಮಾಡಿದವು. ಆವರಣದ ಹೊರಗಿನ ಯೋಜನೆ ಜಿಲ್ಲಾಡಳಿತದ ಹೊಣೆ. 1996ರ ನಿಯಮಗಳ ಪ್ರಕಾರ ಜಿಲ್ಲಾ ಮಟ್ಟದಲ್ಲೂ ಸ್ಥಳೀಯ ಮಟ್ಟದಲ್ಲೂ ಬಿಕ್ಕಟ್ಟು ನಿರ್ವಹಣಾ ಸಮಿತಿಗಳಿರಬೇಕು. ಕರ್ನಾಟಕದಲ್ಲಿ ಇದನ್ನು ನೋಡುವುದು ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ. ಪಕ್ಕದ ಕಾರ್ಖಾನೆಗೆ ಒಂದು ಪತ್ರ, ಇಲಾಖೆಗೆ ಅದರ ಪ್ರತಿ. ನಿಮ್ಮ ಸೈರನ್ ಹೇಗೆ ಕೂಗುತ್ತದೆ, ಕೂಗಿದರೆ ನಾವೇನು ಮಾಡಬೇಕು ಎಂಬಷ್ಟೇ ಪ್ರಶ್ನೆ. ಉತ್ತರ ಬರದಿದ್ದರೆ ಅದೂ ಒಂದು ಉತ್ತರವೇ. ಜಿಲ್ಲಾಧಿಕಾರಿ ಕಚೇರಿಗೆ ಹೋಗಿ.

ಕೋಣೆ ಆರಿಸುವುದು

ಅನಿಲದ ಅಪಾಯಕ್ಕೆ ಬೇಕಾದ ಕೋಣೆಯನ್ನು ಶಾಂತವಾಗಿರುವ ದಿನವೇ ನೋಡಿಟ್ಟುಕೊಳ್ಳಬೇಕು. ಕಿಟಕಿ ಕಡಿಮೆ ಇರಬೇಕು, ಇಟ್ಟಿಗೆ ಅಥವಾ ಕಾಂಕ್ರೀಟಿನ ಗೋಡೆ ಇರಬೇಕು, ತಾರಸಿ ಇರಬೇಕು. ಕ್ಲೋರಿನ್, ಸ್ಟೈರೀನ್‌ನಂಥವು ಗಾಳಿಗಿಂತ ಭಾರವಾದ್ದರಿಂದ ಬೇಸ್‌ಮೆಂಟ್ ಖಂಡಿತ ಬೇಡ, ನೆಲಮಹಡಿಗಿಂತ ಮೇಲಿನ ಮಹಡಿ ಮೇಲು. ಗಾಜಿನ ಹೊದಿಕೆಯ ಕಚೇರಿ ಕಟ್ಟಡಗಳಲ್ಲಿ ನಡುವಿನ ಮೀಟಿಂಗ್ ರೂಮುಗಳು, ದಾಖಲೆ ಕೋಣೆ, ಸರ್ವರ್ ರೂಮಿನ ಪಕ್ಕದ ಪ್ಯಾಸೇಜು ಇಂಥವನ್ನು ನೋಡಿ.

ಕಾರ್ಖಾನೆಯ ಶೆಡ್ಡಿನ ಕಥೆ ಬೇರೆ. ಶೀಟಿನ ಸೂರು, ಅದರ ಮೇಲೆ ತಿರುಗುವ ಟರ್ಬೊ ವೆಂಟಿಲೇಟರು, ಗೋಡೆಗೂ ಸೂರಿಗೂ ನಡುವೆ ಕೈ ತೂರುವಷ್ಟು ಸಂದು. ಇಂಥ ಶೆಡ್ಡನ್ನು ಯಾವ ಟೇಪೂ ಮುಚ್ಚಲಾರದು. ಶೆಡ್ಡಿಗೆ ಹೊಂದಿಕೊಂಡ ಆಡಳಿತ ಕಚೇರಿಯೋ ಸ್ಟೋರ್ ರೂಮೋ, ತಾರಸಿ ಇರುವ ಯಾವುದಾದರೂ ಕೋಣೆಯನ್ನು ಗೊತ್ತು ಮಾಡಿಕೊಳ್ಳಬೇಕು. ಆ ಕೋಣೆ ಸಾಮಾನ್ಯವಾಗಿ ಮಾಲೀಕರ ಎ.ಸಿ. ಚೇಂಬರ್ ಆಗಿರುತ್ತದೆ. ಆಪತ್ತಿನಲ್ಲಿ ಹೊಲಿಗೆ ಲೈನಿನ ಹೆಣ್ಣುಮಕ್ಕಳೆಲ್ಲ ಅಲ್ಲಿಗೇ ಬರಬೇಕು ಎಂದು ಮಾಲೀಕರೇ ಮೊದಲು ಹೇಳಿಬಿಟ್ಟರೆ ಒಳ್ಳೆಯದು. ಇಲ್ಲದಿದ್ದರೆ ಹೊಸ್ತಿಲಲ್ಲಿ ಹಿಂಜರಿದು ನಿಲ್ಲುವವರೇ ಹೆಚ್ಚು.

ಎಷ್ಟು ಜನ ಹಿಡಿಸುತ್ತಾರೆ? ಅಮೆರಿಕದ ತುರ್ತು ನಿರ್ವಹಣಾ ಸಂಸ್ಥೆ ಕೊಟ್ಟಿರುವ ಲೆಕ್ಕ ಸರಳವಾಗಿದೆ: ತಲೆಗೆ 10 ಚದರ ಅಡಿ ನೆಲ ಇದ್ದರೆ, ಸುಮ್ಮನೆ ಕುಳಿತಿರುವವರಿಗೆ ಐದು ಗಂಟೆಯವರೆಗೆ ಗಾಳಿ ಕೆಡುವುದಿಲ್ಲ. 20 ಅಡಿ ಉದ್ದ 15 ಅಡಿ ಅಗಲದ ಕೋಣೆಯಲ್ಲಿ ಮೂವತ್ತು ಜನ. ಐದು ಗಂಟೆ ಬಹಳವಾಯಿತು. ಅನಿಲದ ಮೋಡ ಸಾಮಾನ್ಯವಾಗಿ ಅದಕ್ಕಿಂತ ಬೇಗ ದಾಟಿಹೋಗುತ್ತದೆ. ಕೋಣೆ ಮುಚ್ಚಿದರೆ ಉಸಿರುಕಟ್ಟಿ ಸಾಯುತ್ತೇವೆ ಎಂಬ ಭಯ ಎಲ್ಲರಿಗೂ ಬರುತ್ತದೆ. ಆಗ ಈ ಲೆಕ್ಕ ಹೇಳಿ ಧೈರ್ಯ ತುಂಬುವವರು ಒಬ್ಬರಿರಲಿ.

ಮುಚ್ಚಲು ಬೇಕಾದದ್ದು ದುಬಾರಿಯೇನಲ್ಲ. ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಕಿಟಕಿಯ ಅಳತೆಗಿಂತ ನಾಲ್ಕು ಬೆರಳು ಹೆಚ್ಚಾಗಿ ಮೊದಲೇ ಕತ್ತರಿಸಿ, ಯಾವುದು ಯಾವ ಕಿಟಕಿಗೆ ಎಂದು ಮಾರ್ಕರಿನಲ್ಲಿ ಬರೆದಿಡಬೇಕು. ಎರಡು ಮೂರು ರೋಲು ಅಗಲ ಟೇಪು, ಒಂದು ಕತ್ತರಿ, ಬಾಗಿಲ ಕೆಳಗಿನ ಸಂದಿಗೆ ಒದ್ದೆ ಮಾಡಿ ತುರುಕಲು ಹಳೆಯ ಟವೆಲುಗಳು. ಟೇಪು ಬೇಸಿಗೆಯ ಸೆಖೆಗೆ ಅಂಟು ಕಳೆದುಕೊಳ್ಳುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಮುಖಕ್ಕೆ ಒದ್ದೆ ಬಟ್ಟೆ ಹಿಡಿಯುವುದರಿಂದ ಅಮೋನಿಯದಂಥ ನೀರಿನಲ್ಲಿ ಕರಗುವ ಅನಿಲಕ್ಕೆ ತಕ್ಕಮಟ್ಟಿಗೆ ತಡೆ ಸಿಗುತ್ತದೆ. ಎಲ್ಲ ಅನಿಲಕ್ಕೂ ಅದು ಕವಚವಲ್ಲ.

ಗಾಳಿಯನ್ನು ನಿಲ್ಲಿಸುವುದು, ಮತ್ತೆ ಬಿಡುವುದು

ಬಾಗಿಲು ಹಾಕುವುದಕ್ಕಿಂತ ಮುಖ್ಯವಾದ ಕೆಲಸ ಫ್ಯಾನು, ಎ.ಸಿ. ನಿಲ್ಲಿಸುವುದು. ಗೋಡೆಗೆ ತೂಗುಹಾಕಿದ ಸ್ಪ್ಲಿಟ್ ಎ.ಸಿ. ಒಳಗಿನ ಗಾಳಿಯನ್ನೇ ತಿರುಗಿಸುವಂಥದ್ದು. ದೊಡ್ಡ ಕಟ್ಟಡಗಳ ಸೆಂಟ್ರಲ್ ಎ.ಸಿ. ಹಾಗಲ್ಲ, ಹೊರಗಿನ ಗಾಳಿಯನ್ನು ಎಳೆದು ಕೊಳವೆಗಳಲ್ಲಿ ಮಹಡಿ ಮಹಡಿಗೂ ಹಂಚುತ್ತದೆ. ಹೊರಗೆ ಕ್ಲೋರಿನ್ ಇದ್ದರೆ ಕ್ಲೋರಿನನ್ನೇ ಹಂಚುತ್ತದೆ. ಅದನ್ನು ನಿಲ್ಲಿಸುವ ಗುಂಡಿ ಎಲ್ಲಿದೆ? ಹೆಚ್ಚಿನ ಕಚೇರಿಗಳಲ್ಲಿ ಇದು ಗೊತ್ತಿರುವುದು ಕಟ್ಟಡ ನಿರ್ವಹಣೆಯ ಎಲೆಕ್ಟ್ರಿಷಿಯನ್ ಒಬ್ಬರಿಗೆ, ಅವರು ಸಂಜೆ ಆರಕ್ಕೆ ಮನೆಗೆ ಹೋಗುತ್ತಾರೆ. ಶೌಚಾಲಯದ ಎಕ್ಸಾಸ್ಟ್ ಫ್ಯಾನು, ಕ್ಯಾಂಟೀನಿನ ಚಿಮಣಿ ಇವೂ ಒಳಗಿನ ಗಾಳಿ ಹೊರಗೆ ತಳ್ಳುತ್ತ, ಆ ಜಾಗಕ್ಕೆ ಹೊರಗಿನ ಗಾಳಿಯನ್ನು ಸಂದಿಗಳಿಂದ ಎಳೆದುಕೊಳ್ಳುತ್ತವೆ. ಲಿಫ್ಟು ಮೇಲೆ ಕೆಳಗೆ ಓಡಾಡಿದರೂ ಅಷ್ಟೇ, ಪಿಚಕಾರಿಯಂತೆ ಗಾಳಿಯನ್ನು ಒತ್ತುತ್ತದೆ. ಎಲ್ಲವನ್ನೂ ಆರಿಸಬೇಕು. ಪ್ರತಿ ಸ್ವಿಚ್ಚಿನ ಪಕ್ಕ ಕೆಂಪು ಬಣ್ಣದಲ್ಲಿ ಗುರುತು ಹಾಕಿ, ಪ್ರತಿ ಪಾಳಿಯಲ್ಲೂ ಇಬ್ಬರಿಗೆ ತೋರಿಸಿಡಿ. ಒಬ್ಬರು ರಜೆ ಇದ್ದರೆ ಇನ್ನೊಬ್ಬರಿರಲಿ.

ಇದರ ಫಲ ಎಷ್ಟು? ಗಂಟೆಗೆ ಅರ್ಧ ಕೋಣೆಯಷ್ಟು ಗಾಳಿ ಬದಲಾಗುವ, ಅಂದರೆ ಸಾಧಾರಣವಾಗಿ ಮುಚ್ಚಿದ ಕೋಣೆ ಎಂದಿಟ್ಟುಕೊಳ್ಳಿ. ಹೊರಗೆ ವಿಷ ತುಂಬಿ ಹತ್ತು ನಿಮಿಷವಾದಾಗ ಒಳಗಿರುವುದು ಹೊರಗಿನದರ ಶೇ. 8ರಷ್ಟು. ಒಂದು ಗಂಟೆಯಾದಾಗ ಶೇ. 40ರ ಹತ್ತಿರ. ಟೇಪು, ಒದ್ದೆ ಬಟ್ಟೆಯಿಂದ ಸಂದಿ ಮುಚ್ಚಿದರೆ ಇನ್ನೂ ಕಡಿಮೆ. ಮೊದಲ ಹತ್ತು ನಿಮಿಷ ಎಷ್ಟು ಬೆಲೆಬಾಳುತ್ತದೆ ಎಂಬುದು ಈ ಲೆಕ್ಕದಲ್ಲೇ ಇದೆ. ಎ.ಸಿ. ಓಡುತ್ತಲೇ ಇದ್ದರೆ ಈ ಲಾಭವೆಲ್ಲ ಹೋಯಿತು.

ಇದೇ ಲೆಕ್ಕಕ್ಕೆ ಇನ್ನೊಂದು ಮಗ್ಗುಲಿದೆ, ಅದನ್ನು ಬಹುತೇಕ ಎಲ್ಲರೂ ಮರೆಯುತ್ತಾರೆ. ಹೊರಗಿನ ಮೋಡ ಗಾಳಿಗೆ ಚದುರಿಹೋದ ಮೇಲೆ, ನಿಧಾನವಾಗಿ ಒಳಗೆ ಸೇರಿದ್ದ ಅನಿಲ ಒಳಗೇ ಉಳಿಯುತ್ತದೆ. ಆಗ ಕೋಣೆಗಿಂತ ಅಂಗಳವೇ ಶುದ್ಧ. ಅಪಾಯ ಕಳೆಯಿತು ಎಂದು ಅಗ್ನಿಶಾಮಕ ದಳವೋ ಪೊಲೀಸರೋ ಹೇಳಿದ ಕೂಡಲೇ ಕಿಟಕಿ ಬಾಗಿಲುಗಳನ್ನೆಲ್ಲ ತೆರೆದು, ಫ್ಯಾನು ಹಾಕಿ, ಎಲ್ಲರೂ ಹೊರಗೆ ಬಂದು ನಿಲ್ಲಬೇಕು. ಎಲ್ಲ ಮುಗಿಯಿತಲ್ಲ, ಒಂದಿಷ್ಟು ಹೊತ್ತು ಇಲ್ಲೇ ಕೂತಿರೋಣ ಎನ್ನುವುದು ತಪ್ಪು. ಹೊರಬರುವ ಸೂಚನೆ ಯಾರಿಂದ, ಹೇಗೆ ಬರುತ್ತದೆ ಎಂಬುದು ಒಳಹೋಗುವ ಸೂಚನೆಯಷ್ಟೇ ಖಚಿತವಾಗಿರಬೇಕು.

ಸೂಚನೆ ಹೇಗಿರಬೇಕು

ಬೆಂಕಿಯ ಗಂಟೆಯನ್ನು ಇದಕ್ಕೆ ಬಳಸಲೇಬಾರದು. ಆ ಗಂಟೆ ಹೊಡೆದರೆ ಕಲಿತ ಪಾಠದಂತೆ ಎಲ್ಲರೂ ಅಂಗಳಕ್ಕೆ, ಅಂದರೆ ನೇರವಾಗಿ ಅನಿಲದೊಳಕ್ಕೆ ನಡೆಯುತ್ತಾರೆ. ಬೇರೆ ಸದ್ದು ಇರಲಿ, ಇಲ್ಲವೇ ಧ್ವನಿವರ್ಧಕದಲ್ಲಿ ಮಾತೇ ಇರಲಿ: “ಹೊರಗೆ ಹೋಗಬೇಡಿ. ಒಳಗೆ ಬನ್ನಿ. ಕಿಟಕಿ ಬಾಗಿಲು ಹಾಕಿ. ಎರಡನೇ ಮಹಡಿಯ ಮೀಟಿಂಗ್ ರೂಮಿಗೆ ಹೋಗಿ.” ಇಷ್ಟೇ. ಕನ್ನಡದಲ್ಲಿ, ಹಿಂದಿಯಲ್ಲಿ, ಒಡಿಯಾ, ಬಂಗಾಳಿ, ಅಸ್ಸಾಮಿ ಆಡುವ ಕಾರ್ಮಿಕರಿದ್ದರೆ ಅವರ ಮಾತಿನಲ್ಲೂ ಮೊದಲೇ ಮುದ್ರಿಸಿಟ್ಟುಕೊಳ್ಳಿ. ಇಂಗ್ಲಿಷಿನಲ್ಲಿ ಮಾತ್ರ ಘೋಷಣೆ ಮಾಡುವ ಕಾರ್ಖಾನೆಗಳನ್ನು ನೋಡಿದಾಗ ಅದು ಯಾರಿಗಾಗಿ ಎಂಬ ಪ್ರಶ್ನೆ ಏಳುತ್ತದೆ.

ವಾಟ್ಸ್ಯಾಪ್ ಗುಂಪನ್ನೇ ನೆಚ್ಚಿಕೊಳ್ಳಬೇಡಿ. ಗಲಭೆಯ ಹೊತ್ತಿನಲ್ಲಿ ಇಂಟರ್‌ನೆಟ್ ನಿಲ್ಲಬಹುದು, ಎಲ್ಲರೂ ಒಮ್ಮೆಗೇ ಕರೆ ಮಾಡಿ ನೆಟ್‌ವರ್ಕ್ ಕಟ್ಟಿಕೊಳ್ಳಬಹುದು. ಎಸ್ಸೆಮ್ಮೆಸ್ ಅಂಥ ಹೊತ್ತಿನಲ್ಲೂ ತೂರಿಕೊಂಡು ಹೋಗುವ ಸಾಧ್ಯತೆ ಹೆಚ್ಚು. 2023ರ ಅಕ್ಟೋಬರಿನಲ್ಲಿ ಕರ್ನಾಟಕದ ಮೊಬೈಲುಗಳೆಲ್ಲ ಒಮ್ಮೆಗೇ ಜೋರಾಗಿ ಚೀರಿದ್ದು ನೆನಪಿರಬಹುದು. ಅದು ಸರ್ಕಾರದ ತುರ್ತು ಎಚ್ಚರಿಕೆ ವ್ಯವಸ್ಥೆಯ ಪರೀಕ್ಷೆ. ಆ ಸದ್ದಿಗೆ ಗಾಬರಿಯಾಗಿ ಫೋನಿನ ಸೆಟ್ಟಿಂಗಿನಲ್ಲಿ ಅದನ್ನು ಆರಿಸಿಟ್ಟವರು ದಯವಿಟ್ಟು ಮತ್ತೆ ಚಾಲೂ ಮಾಡಿಕೊಳ್ಳಿ. ಬ್ಯಾಟರಿಯ ಒಂದು ಸಣ್ಣ ರೇಡಿಯೊ ಕೋಣೆಯಲ್ಲಿರಲಿ. ನಂಬರುಗಳನ್ನು ಗೋಡೆಗೆ ಅಂಟಿಸಿ: ಎಲ್ಲ ತುರ್ತಿಗೂ 112, ಅಗ್ನಿಶಾಮಕಕ್ಕೆ 101, ಆಂಬುಲೆನ್ಸಿಗೆ 108, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ 1077.

ಇನ್ನು ತಲೆ ಎಣಿಕೆ. ಕಾರ್ಡ್ ತೋರಿಸಿ ಒಳಬಂದವರ ಪಟ್ಟಿ ಕಂಪ್ಯೂಟರಿನಲ್ಲಿರುತ್ತದೆ. ಆದರೆ ಪಾರ್ಕಿಂಗಿನಲ್ಲಿ ಸೀಟು ಹಿಂದಕ್ಕೆ ಒರಗಿಸಿ ಮಲಗಿರುವ ಕ್ಯಾಬ್ ಚಾಲಕ, ತಾರಸಿಯಲ್ಲಿ ಟ್ಯಾಂಕ್ ತೊಳೆಯುತ್ತಿರುವ ಹುಡುಗ, ಗುತ್ತಿಗೆಯ ಹೌಸ್‌ಕೀಪಿಂಗ್ ಹೆಂಗಸರು, ಲಿಫ್ಟ್ ರಿಪೇರಿಗೆ ಬಂದವರು, ಊಟದ ಡಬ್ಬಿ ತಂದುಕೊಟ್ಟು ಗೇಟಿನಲ್ಲಿ ನಿಂತ ಡೆಲಿವರಿಯವರು ಆ ಪಟ್ಟಿಯಲ್ಲಿರುವುದಿಲ್ಲ. ಅಪಾಯಕ್ಕೆ ಎಲ್ಲರಿಗಿಂತ ಹತ್ತಿರ ಇರುವವರು ಇವರೇ. ಇವರನ್ನು ಒಳಗೆ ಕರೆತರುವ ಕೆಲಸ ಯಾರದು ಎಂದು ಹೆಸರು ಹಿಡಿದು ಬರೆಯದ ಯೋಜನೆ ಅರ್ಧ ಯೋಜನೆ. ಗೇಟಿನ ಸೆಕ್ಯುರಿಟಿಯವರೇ ಕೊನೆಯವರೆಗೆ ಹೊರಗೆ ನಿಲ್ಲಬೇಕು ಎಂಬ ನಿರೀಕ್ಷೆಯೂ ಬೇಡ. ಗೇಟು ಹಾಕಿ ಅವರೂ ಒಳಬರಬೇಕು.

ಮಳೆ, ಗಲಭೆ: ಒಂದು ರಾತ್ರಿ ಉಳಿಯಬೇಕಾದರೆ

ಅನಿಲ ಗಂಟೆಗಳ ಲೆಕ್ಕದ್ದು. ಮಳೆ ಮತ್ತು ಗಲಭೆಯಲ್ಲಿ ರಾತ್ರಿಯಿಡೀ ಉಳಿಯಬೇಕಾಗಬಹುದು. 2005ರ ಜುಲೈ 26ರಂದು ಮುಂಬೈಯ ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಕಚೇರಿಯಲ್ಲೇ ಉಳಿದವರು ಮೇಜಿನ ಮೇಲೆ ಮಲಗಿ ಬೆಳಗು ಮಾಡಿದರು. ಹೇಗಾದರೂ ಮನೆ ಸೇರೋಣ ಎಂದು ಹೊರಟವರಲ್ಲಿ ಕೆಲವರು ನೀರಿನಲ್ಲಿ ಸಿಕ್ಕ ಕಾರಿನ ಬಾಗಿಲು ತೆರೆಯಲಾಗದೆ ಒಳಗೇ ಸತ್ತರು. 2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸಿನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡರು. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ ಕೆರೆಯಾಗಿ, ಐ.ಟಿ. ನೌಕರರು ಟ್ರ್ಯಾಕ್ಟರಿನಲ್ಲಿ ಕುಳಿತು ಕಚೇರಿಗೆ ಹೋದ ಚಿತ್ರಗಳನ್ನು ಜನ ನಕ್ಕು ಹಂಚಿಕೊಂಡರು. ನೀರು ಮೊಣಕಾಲು ದಾಟಿದ ರಸ್ತೆಗೆ ಕ್ಯಾಬ್ ಕಳಿಸುವುದಿಲ್ಲ ಎಂಬ ನಿಯಮವನ್ನು ಸಾರಿಗೆ ವಿಭಾಗದ ಗೋಡೆಯ ಮೇಲೆ ಬರೆದು ಹಾಕಿ. ಬೆಂಗಳೂರಿನ ಮಳೆಯ ಮಾಹಿತಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಮೇಘ ಸಂದೇಶ’ ಆ್ಯಪ್ ಇದೆ. ಇಲ್ಲಿ ಕೋಣೆಯ ಲೆಕ್ಕ ಬದಲಾಗುತ್ತದೆ: ಬೇಸ್‌ಮೆಂಟಿಗೆ ಯಾರೂ ಇಳಿಯಬಾರದು, ಗಾಡಿ ತರಲೆಂದೂ ಬೇಡ. ವಿದ್ಯುತ್ ಪ್ಯಾನೆಲ್ ಅಲ್ಲಿಯೇ ಇದ್ದರೆ ನೀರು ಏರುವ ಮೊದಲೇ ಸಂಪರ್ಕ ಕಡಿಯಬೇಕು. ಗಲಭೆಯಾದರೆ ರಸ್ತೆ ಕಡೆಯ ಗಾಜಿನಿಂದ ದೂರ, ಹಿಂಬದಿಯ ಕೋಣೆಗಳು.

ಈ ವಿಚಾರದಲ್ಲಿ ಟೋಕಿಯೊ ಮಾಡಿದ್ದನ್ನು ನಮ್ಮ ನಗರಗಳು ಗಮನಿಸಬೇಕು. 2011ರ ಮಾರ್ಚ್ 11ರ ಭೂಕಂಪದ ದಿನ ರೈಲುಗಳು ನಿಂತು ಟೋಕಿಯೊ ಮಹಾನಗರ ಪ್ರದೇಶದಲ್ಲಿ ಸುಮಾರು 51 ಲಕ್ಷ ಜನ ಮನೆ ಸೇರಲಾಗದೆ ಸಿಕ್ಕಿಬಿದ್ದರು. ರಸ್ತೆ ತುಂಬ ನಡೆಯುವವರೇ, ಆಂಬುಲೆನ್ಸಿಗೆ ದಾರಿಯಿಲ್ಲ. ಆ ಪಾಠದಿಂದ ಅಲ್ಲಿನ ಆಡಳಿತ ಒಂದು ಕಾನೂನು ಮಾಡಿ 2013ರ ಏಪ್ರಿಲಿನಿಂದ ಜಾರಿಗೆ ತಂದಿತು. ದೊಡ್ಡ ಆಪತ್ತಿನಲ್ಲಿ ನೌಕರರನ್ನು ಒಮ್ಮೆಗೇ ಮನೆಗೆ ಬಿಡದೆ ಕಚೇರಿಯಲ್ಲೇ ಇರಿಸಿಕೊಳ್ಳಬೇಕು, ಅದಕ್ಕಾಗಿ ಮೂರು ದಿನದ ಸಾಮಗ್ರಿ ದಾಸ್ತಾನಿಡಬೇಕು: ತಲೆಗೆ ದಿನಕ್ಕೆ ಮೂರು ಲೀಟರಿನಂತೆ ಒಂಬತ್ತು ಲೀಟರ್ ನೀರು, ಒಂಬತ್ತು ಹೊತ್ತಿನ ಆಹಾರ, ಒಂದು ಕಂಬಳಿ. ದಾರಿಹೋಕರಿಗೂ ಆಗಲೆಂದು ಹತ್ತರಲ್ಲೊಂದು ಪಾಲು ಹೆಚ್ಚಿಗೆ ಇಡಿ ಎಂಬ ಸಲಹೆಯೂ ಉಂಟು.

ನಮಗೆ ಮೂರು ದಿನ ಹೆಚ್ಚಾಯಿತು ಎನಿಸಿದರೆ ಒಂದು ದಿನದ್ದನ್ನಾದರೂ ಇಡೋಣ. ಐವತ್ತು ಜನರಿಗೆ ದಿನಕ್ಕೆ 150 ಲೀಟರ್, ಅಂದರೆ ಇಪ್ಪತ್ತು ಲೀಟರಿನ ಎಂಟು ಕ್ಯಾನು. ಹೇಗೂ ದಿನಾ ತರಿಸುವ ಕ್ಯಾನುಗಳಲ್ಲಿ ಎಂಟನ್ನು ಯಾವಾಗಲೂ ಮುಟ್ಟದೆ ಇಟ್ಟು, ಹೊಸದು ಬಂದಾಗ ಹಳೆಯದನ್ನು ಬಳಕೆಗೆ ತೆಗೆದರಾಯಿತು. ಒಲೆ ಹಚ್ಚದೆ ತಿನ್ನುವಂಥದ್ದು ಬೇಕು: ಅವಲಕ್ಕಿ, ಹುರಿಗಡಲೆ, ಬೆಲ್ಲ, ಬಿಸ್ಕೆಟ್, ಖರ್ಜೂರ. ಸಕ್ಕರೆ ಕಾಯಿಲೆಯವರಿಗೂ ಆಗುವುದು ಏನಾದರೂ ಇರಲಿ. ಓಆರ್‌ಎಸ್ ಪೊಟ್ಟಣ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಟಾರ್ಚು, ಪವರ್ ಬ್ಯಾಂಕು, ಸ್ಯಾನಿಟರಿ ಪ್ಯಾಡು, ಕೋಣೆಗೆ ಶೌಚಾಲಯ ಇಲ್ಲದಿದ್ದರೆ ಮುಚ್ಚಳದ ಬಕೆಟ್ಟು ಮತ್ತು ಒಂದು ಪರದೆ. ಬಿ.ಪಿ., ಸಕ್ಕರೆ, ಉಬ್ಬಸ, ಫಿಟ್ಸ್ ಇರುವವರು ತಮ್ಮ ಎರಡು ದಿನದ ಮಾತ್ರೆಯನ್ನೂ ಇನ್‌ಹೇಲರನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡೇ ಬರುವಂತೆ ರೂಢಿ ಮಾಡಿಸಬೇಕು.

ಮನೆಯವರ ವಿಚಾರ ಕಷ್ಟದ್ದು. ಮಗು ಶಾಲೆಯಲ್ಲಿದೆ, ಅಪ್ಪನಿಗೆ ಹುಷಾರಿಲ್ಲ, ನಾನು ಹೊರಟೆ ಎನ್ನುವವರು ಇದ್ದೇ ಇರುತ್ತಾರೆ. ಅವರನ್ನು ಬೀಗ ಹಾಕಿ ಹಿಡಿದಿಡುವ ಹಕ್ಕು ಯಾವ ಸಂಸ್ಥೆಗೂ ಇಲ್ಲ. ತುರ್ತು ಬಾಗಿಲಿಗೆ ಬೀಗ ಹಾಕುವುದಂತೂ ಮಹಾಪರಾಧ, ಒಳಗೆ ಬೆಂಕಿ ಬಿದ್ದರೆ ಮುಗಿಯಿತು. ಹೇಳುವುದಿಷ್ಟು: ಹೊರಗೆ ಏನಾಗುತ್ತಿದೆ, ಇನ್ನು ಎಷ್ಟು ಹೊತ್ತಾಗಬಹುದು ಎಂಬ ನಿಜವನ್ನು ಅರ್ಧ ಗಂಟೆಗೊಮ್ಮೆ ಹೇಳುತ್ತಿದ್ದರೆ ಹೆಚ್ಚಿನವರು ಉಳಿಯುತ್ತಾರೆ. ಸುದ್ದಿ ಮುಚ್ಚಿಟ್ಟರೆ ಒಬ್ಬರು ಎದ್ದು ಹೊರಟು, ಅವರ ಹಿಂದೆ ಎಲ್ಲರೂ ಹೊರಡುತ್ತಾರೆ. ಮಗುವಿನ ಶಾಲೆಯಲ್ಲಿ ಇಂಥ ಯೋಜನೆ ಇದೆಯೇ ಎಂದು ಪೋಷಕರ ಸಭೆಯಲ್ಲಿ ಕೇಳಿ ತಿಳಿದುಕೊಂಡವರು ಕಚೇರಿಯಲ್ಲಿ ಅಷ್ಟು ಚಡಪಡಿಸುವುದಿಲ್ಲ. ನಾನು ಒಳಗೇ ಇದ್ದೇನೆ, ಕರೆ ಮಾಡಬೇಡಿ, ನಾನೇ ಮೆಸೇಜು ಕಳಿಸುತ್ತೇನೆ ಎಂಬ ಒಪ್ಪಂದ ಮನೆಯಲ್ಲಿ ಮೊದಲೇ ಆಗಿರಲಿ.

ಅಭ್ಯಾಸಕ್ಕೆ ಇಡೀ ದಿನ ಬೇಡ. ಇಪ್ಪತ್ತು ನಿಮಿಷ ಸಾಕು, ಆದರೆ ಒಮ್ಮೆಯಾದರೂ ರಾತ್ರಿ ಪಾಳಿಯಲ್ಲಿ, ಮೊದಲೇ ಹೇಳದೆ ಮಾಡಿ. ಘೋಷಣೆಯಾಗಿ ಎಷ್ಟು ನಿಮಿಷಕ್ಕೆ ಕೊನೆಯ ಫ್ಯಾನು ನಿಂತಿತು ಎಂಬುದೊಂದನ್ನೇ ಗಡಿಯಾರ ಹಿಡಿದು ನೋಡಿ. ಐದು ನಿಮಿಷಕ್ಕಿಂತ ಹೆಚ್ಚಾದರೆ ಯೋಜನೆಯಲ್ಲಿ ಎಲ್ಲೋ ತೊಡಕಿದೆ.

ಇದೆಲ್ಲ ದೊಡ್ಡ ಕಂಪನಿಗಳಿಗೆ ಸರಿ, ಹತ್ತು ಜನರ ವರ್ಕ್‌ಶಾಪಿಗೆ ಏಕೆ ಎನ್ನುವವರಿಗೆ ಒಂದು ಮಾತು. ಸುರಕ್ಷತಾ ಅಧಿಕಾರಿ ಇಲ್ಲದ, ಸೈರನ್ ಇಲ್ಲದ ಸಣ್ಣ ಘಟಕಕ್ಕೇ ಇದು ಹೆಚ್ಚು ಬೇಕು, ಅಲ್ಲಿ ಖರ್ಚೂ ಕಡಿಮೆ. ಒಂದು ಕೋಣೆ, ನಾಲ್ಕು ಹಾಳೆ ಪ್ಲಾಸ್ಟಿಕ್, ಎರಡು ರೋಲು ಟೇಪು, ಎರಡು ಕ್ಯಾನು ನೀರು, ಗೋಡೆಯ ಮೇಲೆ ನಾಲ್ಕು ನಂಬರು. ಈ ಶನಿವಾರ ಕೆಲಸ ಬಿಡುವ ಮುನ್ನ ಹತ್ತೂ ಜನ ಸೇರಿ ಆ ಕೋಣೆಯನ್ನು ಗೊತ್ತು ಮಾಡಿ, ಎಕ್ಸಾಸ್ಟ್ ಫ್ಯಾನಿನ ಸ್ವಿಚ್ಚನ್ನು ಎಲ್ಲರೂ ಒಮ್ಮೆ ಮುಟ್ಟಿ ನೋಡಿಬಿಡಿ.